ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ

ದಿನಾಂಕ: ಜನವರಿ 9

ಗೆ,
ಮಾತಿನ ತರಗತಿಯ ಶಿಕ್ಷಕಿಯವರ ಸನ್ನಿಧಾನಕ್ಕೆ

ವಿಷಯ: ಪಾಠದ ಕೊಠಡಿಯಿಂದ ನನ್ನನ್ನು ಹೊರಗೆ ಕೂರಿಸಿದ ಆದೇಶವನ್ನು ಹಿಂತೆಗೆದುಕೊಳ್ಳುವ ಕುರಿತು.

ಮಾನ್ಯರೇ,

ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮ ಅವಗಾಹನೆಗಾಗಿ ಸಲ್ಲಿಸುವ ವಿವರಗಳು:

1. ಅರ್ಜಿದಾರನು, ತಮ್ಮಲ್ಲಿ ಮಾತುಕತೆ ಕಲಿಯುತ್ತಿರುವ ಎಂಟು ವರ್ಷದ ಬಾಲಕಿಯ ತಾಯಿಯ ತಂದೆ.

2. ವೃತ್ತಿ: ದೊಡ್ಡ ಕಚೇರಿಯ ಎದುರಿನ ಸಾಲಿನಲ್ಲಿ ಕುಳಿತು, ಕಂಡವರ ಅರ್ಜಿಗಳನ್ನು ಅಂದವಾಗಿ ನಕಲು ಮಾಡಿಕೊಡುವುದು. ಈಗ ವಿಶ್ರಾಂತ. ನನ್ನ ಕೈಬರಹ ಓದಲಾಗುತ್ತಿಲ್ಲವೆಂದು ಯಾವ ಗುಮಾಸ್ತನೂ ಇದುವರೆಗೆ ಅರ್ಜಿ ಹಿಂದಿರುಗಿಸಿದ್ದಿಲ್ಲ.

3. ಬಾಲಕಿಗೆ ಆಟಿಸಂ ಇರುವುದು ತಮಗೆ ತಿಳಿದ ವಿಷಯ. ಮಾತು ಬರುತ್ತದೆ, ಮಾತುಕತೆ ಬರುವುದಿಲ್ಲ. ನಲ್ಲಿಗಳ ಬಗ್ಗೆ, ಅಂದರೆ ಯಾವುದು ಸೋರುತ್ತದೆ, ಯಾವುದರ ವಾಷರ್ ಸವೆದಿದೆ ಎಂಬುದರ ಬಗ್ಗೆ, ಎಷ್ಟು ಹೊತ್ತು ಬೇಕಾದರೂ ಹೇಳಬಲ್ಲಳು. "ಹೇಗಿದ್ದೀಯಮ್ಮ" ಎಂದರೆ ಗೋಡೆ ನೋಡುತ್ತಾಳೆ. ಯಾವ ಮನೆಗೆ ಹೋದರೂ ಬಚ್ಚಲಿನ ತಪಾಸಣೆ ಮೊದಲು ನಡೆಸುವುದರಿಂದ ಮನೆಯಲ್ಲಿ ಅವಳನ್ನು "ಸಾಹೇಬರು" ಎಂದು ಕರೆಯುವ ರೂಢಿಯಿದೆ.

4. ಮೇ ತಿಂಗಳಲ್ಲಿ ನಮ್ಮ ಬೀದಿಯ ತುದಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಬಾಲಕಿಯನ್ನು ಮಾತನಾಡಿಸಿ ನೋಡಲಿದ್ದಾರೆ. ಅವಳು ಒಂದಿಷ್ಟು ಮಾತು ಕೊಟ್ಟು ಒಂದಿಷ್ಟು ತೆಗೆದುಕೊಂಡರೆ ಸೀಟು. ಇಲ್ಲವಾದಲ್ಲಿ ನನ್ನ ಮಗಳು ಬಾಲಕಿಯನ್ನು ಕರೆದುಕೊಂಡು ಅಳಿಯಂದಿರು ಕೆಲಸದಲ್ಲಿರುವ ಊರಿಗೆ ಹೋಗಿಬಿಡುತ್ತಾಳೆ. ಅಲ್ಲಿ ಇಂಥ ಮಕ್ಕಳಿಗೆಂದೇ ಶಾಲೆಯಿದೆ. ಅಳಿಯಂದಿರ ಮನೆ ಒಂದೇ ಕೋಣೆಯದು. ಅರ್ಜಿದಾರನ ಮಂಚಕ್ಕೆ ಅಲ್ಲಿ ಜಾಗವಿಲ್ಲ.

ಹೀಗಿರುವಾಗ, ಕಳೆದ ಸೋಮವಾರ ತಾವು ಬಾಲಕಿಯನ್ನು "ಇವತ್ತು ಹೇಗೆ ಬಂದೆ?" ಎಂದು ಕೇಳಿದಿರಿ. ಉತ್ತರ ಬಾರದ ಕಾರಣ, ತಮ್ಮ ಸಮಯ ವ್ಯರ್ಥವಾಗಬಾರದೆಂಬ ಒಂದೇ ಸದುದ್ದೇಶದಿಂದ, "ಬಸ್ಸಿನಲ್ಲಿ ಬಂದಿರುತ್ತಾಳೆ" ಎಂದು ನಾನು ನಿವೇದಿಸಿದೆ. "ಬಸ್ಸಲ್ಲಿ ಜಾಗ ಸಿಕ್ತಾ?" ಎಂದಿರಿ. "ನಿಂತೇ ಬರಬೇಕಾಯಿತು" ಎಂದೆ. "ನಿಂಗೆ ಯಾವ ಬಣ್ಣ ಇಷ್ಟ?" ಎಂದಿರಿ. "ಅವಳಿಗೆ ನೀಲಿ, ನನಗೂ ನೀಲಿಯೇ" ಎಂದೆ. ಆಗ ತಾವು ಮಕ್ಕಳೆದುರಿಗೇ, "ತಾತ, ನೀವು ತುಂಬಾ ಚೆನ್ನಾಗಿ ಉತ್ತರ ಕೊಡ್ತೀರಿ. ನೀವು ಪಾಸು. ಪಾಸಾದವರು ಹೊರಗೆ ಕೂತ್ಕೋಬೇಕು" ಎಂದು ಬೆಂಚು ತೋರಿಸಿದಿರಿ.

ಸದರಿ ಬೆಂಚು ಚಪ್ಪಲಿಗಳ ಪಕ್ಕದಲ್ಲಿದೆ. ದಯಮಾಡಿ ಪರಾಂಬರಿಸಿ, ನನ್ನನ್ನು ಪುನಃ ಒಳಗೆ ಕೂರಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ತಮ್ಮ ವಿಧೇಯ,
ಬಾಲಕಿಯ ತಾತ

ಅಡಕ: ಇಲ್ಲ


ಜನವರಿ 14

ತಾತನವರಿಗೆ ನಮಸ್ಕಾರ.

ನಿಮ್ಮ ಅರ್ಜಿ ಮಗುವಿನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ ಸಿಕ್ಕಿತು. ಫೋನು ಮಾಡಿಯೇ ಹೇಳಬಹುದಿತ್ತು. ಆದರೆ ನನ್ನ ಗಂಟಲು ಕಟ್ಟಿದೆ. ತರಗತಿ ಮುಗಿದ ಮೇಲೆ ಬಾಯಿ ತೆರೆಯಬಾರದೆಂದು ವೈದ್ಯರ ಅಪ್ಪಣೆ. ಮಾತು ಕಲಿಸುವವಳಿಗೇ ಮಾತು ಬಂದ್! ಅದಕ್ಕೆ ಈ ಪತ್ರ.

ನಿಮ್ಮನ್ನು ಒಳಗೆ ಸೇರಿಸುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ನಾನು ಪ್ರಶ್ನೆ ಕೇಳಿ ಸುಮ್ಮನಿರುತ್ತೇನಲ್ಲ, ಅದು ವ್ಯರ್ಥವಾಗುವ ಸಮಯವಲ್ಲ. ಅದೇ ಪಾಠ. ನಿಮ್ಮ ಮೊಮ್ಮಗಳಿಗೆ ಕೇಳಿದ ಮಾತು ಒಳಗೆ ಹೋಗಿ, ಅರ್ಥವಾಗಿ, ಉತ್ತರವಾಗಿ ಹೊರಗೆ ಬರಲು ನಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ಬೇಕು. ಅವಳ ಉತ್ತರ ದಾರಿಯಲ್ಲಿರುವಾಗ ನಿಮ್ಮ ಉತ್ತರ ಬಂದು ಕುರ್ಚಿ ಹಿಡಿದು ಕೂತುಬಿಡುತ್ತದೆ. ಅವಳದು ವಾಪಸ್ಸು ಹೋಗುತ್ತದೆ.

ಮನೆಯಲ್ಲಿ ಒಂದು ಕೆಲಸ ಮಾಡಿ. ಅವಳಿಗೆ ಏನಾದರೂ ಒಂದು ಸಣ್ಣ ಮಾತು ಹೇಳಿ. ಪ್ರಶ್ನೆಯೇ ಆಗಬೇಕಿಲ್ಲ. ಹೇಳಿ ಸುಮ್ಮನಿರಿ. ಅವಳಿಗೆ ಕಲಿಸಬೇಕಾದದ್ದು ಮೂರು: ಎದುರಿನವರು ಹೇಳಿದ್ದು ಕೇಳಿಸಿತು ಎಂದು ತೋರಿಸುವುದು, ಉತ್ತರ ಕೊಡುವುದು, ತಿರುಗಿ ಒಂದು ಕೇಳುವುದು. ಮೊದಲನೆಯದೇ ಇನ್ನೂ ಆಗಿಲ್ಲ. ಮೂರನೆಯದು ಬಹಳ ದೂರ.

ಸುಮ್ಮನಿರುವುದು ನಿಮಗೆ ಕಷ್ಟವೆಂದು ಬಲ್ಲೆ. ನನಗೂ ಈಗ ಅದೇ ಶಿಕ್ಷೆ.

ನಿಮ್ಮ,
ಟೀಚರ್


ದಿನಾಂಕ: ಫೆಬ್ರವರಿ 2

ವಿಷಯ: ಮೌನಾಚರಣೆಯ ಪಾಲನಾ ವರದಿ.

ಮಾನ್ಯರೇ,

ತಮ್ಮ ಆದೇಶವನ್ನು ಅಕ್ಷರಶಃ ಕೈಗೊಳ್ಳಲಾಯಿತು. ಮೊದಲ ಪ್ರಯತ್ನ ವಿಫಲ. "ಕಿಟಕಿಯಾಚೆ ಮೋಡ ಇದೆ" ಎಂದು ಹೇಳಿ ಸುಮ್ಮನಾದೆ. ಮಗು ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಇಬ್ಬರೂ ಹೀಗೆಯೇ ಇದ್ದರೆ ಮೋಡವೇ ಹೊರಟುಹೋಗುವುದಲ್ಲ ಎಂಬ ಆತಂಕ ಹುಟ್ಟಿ, "ಹೌದು ತಾತ, ಕಪ್ಪು ಮೋಡ" ಎಂದು ಅವಳ ಪರವಾಗಿ ನಾನೇ ಹೇಳಿಬಿಟ್ಟೆ. ಜೀವಮಾನವೆಲ್ಲ ಇತರರ ಪರವಾಗಿ ಬರೆದ ಕೈ ಇದು. ಬಾಯಿಗೂ ಅದೇ ಚಾಳಿ.

ಆದ್ದರಿಂದ ಎರಡನೆಯ ಪ್ರಯತ್ನದಲ್ಲಿ ಒಂದು ಉಪಾಯ ಹೂಡಿದೆ. ಮಾತು ಹೇಳಿದ ತಕ್ಷಣ ಬಾಯಿ ತುಂಬ ನೀರು ತುಂಬಿಕೊಳ್ಳುವುದು. ನುಂಗುವಂತಿಲ್ಲ, ಉಗುಳುವಂತಿಲ್ಲ, ಆದಕಾರಣ ಆಡುವಂತಿಲ್ಲ. "ಇವತ್ತು ಅಮ್ಮನಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ" ಎಂದು ಹೇಳಿ, ನೀರು ತುಂಬಿಕೊಂಡು ಕೂತೆ. ದುರದೃಷ್ಟವಶಾತ್ ಅದೇ ಹೊತ್ತಿಗೆ ಕೆಳಮನೆಯ ದರ್ಜಿ ನನ್ನ ಅಂಗಿಯ ತೋಳು ಗಿಡ್ಡ ಮಾಡಿ ತಂದರು.

"ಏನ್ ಯಜಮಾನ್ರೇ, ಹಲ್ಲು ನೋವಾ?" ಎಂದರು.

ನಾನು ಅಲ್ಲವೆಂದು ತಲೆಯಾಡಿಸಿದೆ.

"ಅಯ್ಯೋ, ಬಾಯಿ ಬಿದ್ದೋಯ್ತಾ? ನಿಮ್ದಾ? ನಿಮ್ ಬಾಯಾ?" ಎಂದು ಅವರು ಆಕಾಶ ನೋಡಿ ಕೈಮುಗಿದರು. ಅವರ ಮುಖದಲ್ಲಿ ಕಂಡದ್ದು ಮರುಕವಲ್ಲ, ಪರಮಾನಂದ. ಅದನ್ನು ಕಂಡು ನನಗೆ ತಡೆಯಲಾಗದ ನಗು ಬಂದು, ತುಂಬಿಕೊಂಡ ನೀರೆಲ್ಲ ದರ್ಜಿಯವರ ಮೈಮೇಲೂ ಗಿಡ್ಡ ಮಾಡಿದ ಅಂಗಿಯ ಮೇಲೂ ಬಿತ್ತು.

ಆಗ ನಮ್ಮ ಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು. ಗೋಡೆಯನ್ನಲ್ಲ, ನನ್ನನ್ನು. ನೋಡಿ, "ತಾತ ಸೋರ್ತಿದೆ. ವಾಷರ್ ಹೋಗಿದೆ" ಎಂದರು.

ಮಗು ನನ್ನ ಕುರಿತು ಆಡಿದ ಮೊದಲ ಮಾತು ಇದು. ದಾಖಲಿಸಿಕೊಳ್ಳಬೇಕಾಗಿ ಕೋರಿಕೆ.

ಇನ್ನು, "ಕೇಳಿಸಿತು ಎಂದು ತೋರಿಸುವುದು" ಎಂಬ ತಮ್ಮ ಮೊದಲನೆಯ ಅಂಶದ ಬಗ್ಗೆ. ಇದಕ್ಕೆ ನಮ್ಮ ವೃತ್ತಿಯಲ್ಲಿ ಸ್ವೀಕೃತಿ ಎಂದು ಹೆಸರು. ಕಚೇರಿಯ ಕಿಟಕಿಯೊಳಗೆ ಹೋದ ಅರ್ಜಿಗೆ ಕೂಡಲೇ ಉತ್ತರ ಬರುವುದಿಲ್ಲ; ಆದರೆ ಮೊಹರು ಬೀಳುತ್ತದೆ. ಮೊಹರಿನ ಸದ್ದು ಕೇಳಿದರೆ ಸಾಕು, ಮನುಷ್ಯ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಕಚೇರಿಯವರು ಹಳೆಯ ಸಾಮಾನು ಹೊರಹಾಕಿದಾಗ ನನಗೆ ಸಿಕ್ಕ "ಸ್ವೀಕರಿಸಲಾಗಿದೆ" ಎಂಬ ರಬ್ಬರ್ ಮೊಹರೊಂದು ನನ್ನಲ್ಲಿದೆ. ಅದನ್ನು ಮಗುವಿನ ಕೈಗೆ ಕೊಟ್ಟು, ಯಾರೇನು ಹೇಳಿದರೂ ಒಂದು ಮೊಹರು ಒತ್ತಿ ಅದೇ ಪದ ಹೇಳಬೇಕೆಂದು ಕಲಿಸಿದ್ದೇನೆ. ಆಶ್ಚರ್ಯಕರ ಪ್ರಗತಿ ಕಂಡುಬಂದಿದೆ. ತಾವೇ ನೋಡುವಿರಿ.

ತಮ್ಮ ವಿಧೇಯ,
ಬಾಲಕಿಯ ತಾತ

ಅಡಕ: ಮೊಹರಿನ ಮಾದರಿ ಅಚ್ಚು, ಒಂದು


ಫೆಬ್ರವರಿ 20

ತಾತನವರಿಗೆ,

ನೋಡಿದೆ. ಈಗಲೂ ನೋಡುತ್ತಿದ್ದೇನೆ, ನನ್ನ ಮಣಿಕಟ್ಟಿನ ಮೇಲೆ. ಸೋಪಿಗೆ ಹೋಗುತ್ತಿಲ್ಲ.

"ಬಾ, ಕೂತ್ಕೋ" ಎಂದೆ. "ಸ್ವೀಕರಿಸಲಾಗಿದೆ" ಎಂದಳು, ಒತ್ತಿದಳು. "ನೀಲಿ ಅಂಗಿ ಹಾಕಿದ್ದೀಯ" ಎಂದೆ. "ಸ್ವೀಕರಿಸಲಾಗಿದೆ." ಹಾಜರಿ ಪುಸ್ತಕಕ್ಕೆ ಒಂದು, ಕನ್ನಡಿಗೆ ಒಂದು. ಯಾರಾದರೂ ಮುಟ್ಟಿದರೆ ಕಿರುಚುವ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದಾನಲ್ಲ, ಅವನ ಹಣೆಗೂ ಒಂದು ಒತ್ತಿದಳು. ನಾನು ಕಿರುಚಾಟಕ್ಕೆ ಸಿದ್ಧಳಾಗಿ ನಿಂತರೆ, ಅವನು ಕೂದಲು ಹಿಂದಕ್ಕೆ ಸರಿಸಿಕೊಂಡು ಇನ್ನೊಂದಕ್ಕೆ ಹಣೆ ಒಡ್ಡಿದ. ಅವನ ತಾಯಿ ಬಂದು, "ನನ್ ಮಗನ್ನ ಯಾರು ಸ್ವೀಕರಿಸಿದ್ದು?" ಎಂದು ಕೇಳಿದರು.

ನನಗೂ ನಗು ಬಂತು. ನಗುವಂತೆ ಬರೆದು, ನಗಬಾರದ್ದನ್ನು ಹೇಳುತ್ತಿದ್ದೇನೆ. ನಾನು ಅವಳಿಗೆ ಎಂಟು ವರ್ಷದ ಮಕ್ಕಳ ಮಾತು ಕಲಿಸಲು ನೋಡುತ್ತಿದ್ದೇನೆ. ನೀವು ಕಚೇರಿ ತೆರೆದಿದ್ದೀರಿ. ಆಟದ ಮೈದಾನದಲ್ಲಿ ಒಬ್ಬ ಹುಡುಗಿ "ಬಾರೇ ಆಡೋಣ" ಎಂದಾಗ ನಿಮ್ಮ ಮೊಮ್ಮಗಳು "ಸ್ವೀಕರಿಸಲಾಗಿದೆ" ಎಂದರೆ ಏನಾಗುತ್ತದೆ? ಮೊದಲ ದಿನ ನಗುತ್ತಾರೆ. ಎರಡನೆಯ ದಿನದಿಂದ ಕರೆಯುವುದಿಲ್ಲ. ಶಾಲೆಯ ಬಾಗಿಲು ತೆರೆಯುವುದಷ್ಟೇ ನಮ್ಮ ಕೆಲಸವಲ್ಲ ತಾತ, ಒಳಗೆ ಅವಳ ಪಕ್ಕ ಯಾರಾದರೂ ಕೂರಬೇಕು.

ಮೊಹರನ್ನು ತೆಗೆದಿಡಿ. ಇನ್ನು ಮುಂದೆ ನನ್ನನ್ನು ಕೇಳದೆ ಏನನ್ನೂ ಕಲಿಸಬೇಡಿ. ಇದನ್ನು ಬಾಯಲ್ಲಿ ಹೇಳಿದ್ದರೆ ಇಷ್ಟು ಕಟುವಾಗಿ ಕೇಳಿಸುತ್ತಿರಲಿಲ್ಲ, ಏನು ಮಾಡಲಿ. ಗಂಟಲು ಇನ್ನೂ ಹಾಗೆಯೇ ಇದೆ.

ಟೀಚರ್


ದಿನಾಂಕ: ಫೆಬ್ರವರಿ 24

ಮಾನ್ಯರೇ,

1. ತಮ್ಮ 20ನೇ ತಾರೀಖಿನ ಪತ್ರ ತಲುಪಿದೆ.

2. ಮೊಹರನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.

3. ಪದವನ್ನು ಬೀರುವಿನಲ್ಲಿಡಲು ಬರುವುದಿಲ್ಲ.

4. ಬೆಂಚಿನ ಮೇಲೆ ಕೂರುವುದನ್ನೂ ಇಂದಿನಿಂದ ನಿಲ್ಲಿಸಿದ್ದೇನೆ. ಮಗುವನ್ನು ಬಾಗಿಲಲ್ಲಿ ಬಿಟ್ಟು, ರಸ್ತೆಯಾಚೆಯ ಮರದ ಕೆಳಗೆ ನಿಂತಿರುತ್ತೇನೆ.

ಇತಿ,
ಬಾಲಕಿಯ ತಾತ

ಅಡಕ: ಇಲ್ಲ


ಮಾರ್ಚ್ 12

ಅಪ್ಪಾ,

ನೀನು ಏಳೋ ಹೊತ್ತಿಗೆ ನಾನು ಆಸ್ಪತ್ರೆಯಲ್ಲಿರ್ತೀನಿ, ನಾನು ಬರೋ ಹೊತ್ತಿಗೆ ನಿನ್ನ ಗೊರಕೆ. ಅದಕ್ಕೆ ಬರೆದು ನಿನ್ನ ಕನ್ನಡಕದ ಕೆಳಗಿಟ್ಟಿದ್ದೀನಿ.

ಸಾಹೇಬರು ಮತ್ತೆ ಗೋಡೆ ನೋಡೋಕೆ ಶುರು ಮಾಡಿದ್ದಾಳೆ. ಬೀರು ಮುಂದೆ ಹೋಗಿ ಕೂರ್ತಾಳೆ. ನಿನ್ನ ಕೇಳಿದ್ರೆ "ಟೀಚರ್ ಆದೇಶ" ಅಂತೀಯ, ಟೀಚರ್‌ನ ಕೇಳಿದ್ರೆ "ತಾತನವರು ಮರದ ಕೆಳಗಿದ್ದಾರೆ" ಅಂತಾರೆ. ನೀವಿಬ್ಬರೂ ಸೇರಿ ಮಗುಗೆ ಮಾತು ಕಲಿಸೋರು, ನಿಮ್ಮಿಬ್ಬರಿಗೇ ಮಾತಿಲ್ಲ. ಚೆನ್ನಾಗಿದೆ.

ನಾನು ಅವಳಪ್ಪಂಗೆ ಹೇಳಿದ್ದೀನಿ, ಅಲ್ಲಿನ ಶಾಲೆಯಲ್ಲಿ ಒಂದು ಮಾತು ಕೇಳಿಡಿ ಅಂತ. ಸುಮ್ಮನೆ ಹೆದರಿಸ್ತಿಲ್ಲಪ್ಪ. ಮೇ ಬಂದೇಬಿಡುತ್ತೆ.

ಒಂದು ವಿಷಯ ನಿಂಗೆ ಹೇಳಿರಲಿಲ್ಲ. ಅವಳು ಆ ಮೊಹರು ಹಿಡ್ಕೊಂಡು ಓಡಾಡ್ತಿದ್ದಾಗ ಒಂದು ಬೆಳಿಗ್ಗೆ ನಾನು ತಲೆ ಬಾಚ್ಕೊತಾ, ಅವಳಿಗಂತಲ್ಲ, ಸುಮ್ಮನೆ, "ತುಂಬಾ ಸುಸ್ತಾಗಿದೆ ಕಣೇ" ಅಂದೆ. ಅವಳು ಬಂದು ನನ್ನ ಕೈಮೇಲೆ ಒತ್ತಿ "ಸ್ವೀಕರಿಸಲಾಗಿದೆ" ಅಂದ್ಳು. ನಂಗೆ ನಗು ಬಂತು, ಆಮೇಲೆ ಬಾಚಣಿಗೆ ಇಟ್ಟು ಸ್ವಲ್ಪ ಹೊತ್ತು ಕೂತ್ಬಿಟ್ಟೆ. ನಾನು ಹೇಳಿದ್ದು ಅವಳಿಗೆ ತಲುಪ್ತು ಅಂತ ನಂಗೆ ಖಚಿತವಾಗಿ ಗೊತ್ತಾಗಿದ್ದು ಅವತ್ತೇ ಮೊದಲು. ಎಂಟು ವರ್ಷದಲ್ಲಿ.

ಇದನ್ನ ಟೀಚರ್‌ಗೆ ಬರಿ. ನಂಬರ್ ಹಾಕ್ದೆ ಬರಿ.

ಸಾರು ಬಿಸಿ ಮಾಡ್ಕೋ, ಹಾಗೇ ತಿನ್ಬೇಡ.

ನಿನ್ನ ಮಗಳು


ದಿನಾಂಕ: ಮಾರ್ಚ್ 15

ಮಾನ್ಯರೇ,

ಅಂಕಿಗಳನ್ನು ಹಾಕದೆ ಬರೆಯಬೇಕೆಂದು ಮನೆಯಲ್ಲಿ ಆಜ್ಞೆಯಾಗಿದೆ. ಮೊದಲನೆಯದಾಗಿ, ಅದು ಬಹಳ ಕಷ್ಟ. ಎರಡನೆಯದಾಗಿ, ಈಗ ತಾನೇ ಮೊದಲನೆಯದಾಗಿ ಎಂದು ಬರೆದಿರುವುದನ್ನು ಗಮನಿಸಿದೆ. ಹೊಡೆದುಹಾಕಿದರೆ ಹಾಳೆ ಕೆಡುತ್ತದೆ. ಹಾಗೆಯೇ ಇರಲಿ.

ಮಗಳು ನನಗೆ ಬರೆದ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಅದನ್ನು ನಕಲು ಮಾಡಿ ಕಳಿಸೋಣವೆಂದು ಕುಳಿತೆ, ಮಾಡಲಾಗಲಿಲ್ಲ. ಅವಳ ಕೈಬರಹ ಚೆನ್ನಾಗಿಲ್ಲ, ಆದರೂ ಅದನ್ನೇ ಓದಬೇಕಾಗಿ ಬೇಡುತ್ತೇನೆ. ಸಾರಿನ ವಿಷಯ ಪ್ರಸ್ತುತವಲ್ಲ.

ಮೈದಾನದ ಹುಡುಗಿಯ ಬಗ್ಗೆ ತಾವು ಬರೆದದ್ದು ನ್ಯಾಯವಾದ ಮಾತು. ಮರದ ಕೆಳಗೆ ನಿಂತು ಅದನ್ನೇ ಯೋಚಿಸಿದೆ. ನಾನು ಬರೆದುಕೊಟ್ಟ ಅರ್ಜಿಗಳಿಗೆ ಒಳಗಿನಿಂದ ಏನು ಉತ್ತರ ಬಂತು ಎಂಬುದು ನನಗೆ ತಿಳಿಯುವ ಏರ್ಪಾಡೇ ಇರಲಿಲ್ಲ. ಉತ್ತರ ಅರ್ಜಿದಾರನ ಮನೆಗೆ ಹೋಗುತ್ತಿತ್ತು. ಆದಕಾರಣ ಸ್ವೀಕೃತಿಯ ತನಕ ಮಾತ್ರ ನನಗೆ ದಾರಿ ಗೊತ್ತು. ಅದರ ಮುಂದಿನ ಹಂತವೊಂದನ್ನು ಕಿಟಕಿಯ ಗುಮಾಸ್ತರ ಬಾಯಲ್ಲಿ ಕೇಳಿದ್ದೇನೆ. "ಪರಿಶೀಲನೆಯಲ್ಲಿದೆ." ಇದರರ್ಥ, ಉತ್ತರ ಇನ್ನೂ ಸಿದ್ಧವಾಗಿಲ್ಲ, ಆದರೆ ತಾವು ಕಿಟಕಿ ಬಿಟ್ಟು ಹೋಗಬೇಡಿ ಎಂದು. ಇದನ್ನೂ ಮಗು ನನ್ನ ಬಾಯಲ್ಲಿ ಕೇಳಿ ಕೇಳಿ ಕಲಿತುಬಿಟ್ಟಿದ್ದಾಳೆ. ನಾನು ಕಲಿಸಿದ್ದಲ್ಲವೆಂದು ಪ್ರಮಾಣೀಕರಿಸುತ್ತೇನೆ. ಬೇಡವೆಂದರೆ ನಿಲ್ಲಿಸಲು ಪ್ರಯತ್ನಿಸುವೆ.

ಅಳಿಯಂದಿರ ಊರಿನ ಮನೆಯಲ್ಲಿ ಬಚ್ಚಲು ಹೊರಗಿದೆಯಂತೆ. ಅಲ್ಲಿಯ ನಲ್ಲಿ ಹೇಗಿದೆಯೋ ತಿಳಿಯದು.

ತಮ್ಮ ವಿಧೇಯ,
ತಾತ

ಅಡಕ: ಮಗಳ ಚೀಟಿ, ಒಂದು (ಹಿಂದಿರುಗಿಸತಕ್ಕದ್ದು)


ಏಪ್ರಿಲ್ 6

ತಾತನವರಿಗೆ,

ಚೀಟಿಯನ್ನು ಜೋಪಾನವಾಗಿ ಹಿಂದಿರುಗಿಸಿದ್ದೇನೆ. ಎರಡು ಸಲ ಓದಿದೆ. ಉತ್ತರ ತಡವಾದದ್ದು ಏಕೆಂದರೆ, ನಾನೂ ಪರಿಶೀಲನೆಯಲ್ಲಿದ್ದೆ.

ನಾನು ಮಕ್ಕಳಿಗೆ ಕಾಯುತ್ತೇನೆ. ಅದು ನನ್ನ ಕೆಲಸ. ಆದರೆ ನನ್ನ ಕೊಠಡಿಯ ಹೊರಗೆ ಯಾರು ಕಾಯುತ್ತಾರೆ? ಅಂಗಡಿಯವನು ಕಾಯುವುದಿಲ್ಲ, ಬಸ್ಸಿನ ಕಂಡಕ್ಟರ್ ಕಾಯುವುದಿಲ್ಲ. ಮಗು ಸುಮ್ಮನಿದ್ದರೆ ಮಾತು ಬರುವುದಿಲ್ಲವೆಂದು ಮುಂದಕ್ಕೆ ಹೋಗಿಬಿಡುತ್ತಾರೆ. ಯೋಚಿಸುತ್ತಿರುವ ಮಗುವೂ ಕೇಳಿಸಿಕೊಳ್ಳದ ಮಗುವೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ. ತನ್ನ ಸರದಿಯನ್ನು ಹಿಡಿದಿಟ್ಟುಕೊಳ್ಳಲು ಅವಳಿಗೊಂದು ಮಾತು ಬೇಕು ಎಂದು ನಾನು ಬಹಳ ದಿನದಿಂದ ಹುಡುಕುತ್ತಿದ್ದೆ. "ತಾಳಿ, ಯೋಚಿಸ್ತೀನಿ" ಎಂದು ಹೇಳಿಕೊಟ್ಟೆ, ಹಿಡಿಯಲಿಲ್ಲ. ಕಳೆದ ವಾರ "ನಿನ್ನೆ ಏನು ಆಟ ಆಡಿದೆ?" ಎಂದು ಕೇಳಿದೆ. "ಸ್ವೀಕರಿಸಲಾಗಿದೆ" ಎಂದಳು. ನಾನು ಬೇಸರದಿಂದ ಇನ್ನೊಂದು ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದು, "ಪರಿಶೀಲನೆಯಲ್ಲಿದೆ" ಎಂದಳು. ಕಿಟಕಿಯಲ್ಲಿ ಕೂತ ಗುಮಾಸ್ತರ ಹಾಗೆಯೇ. ನಾನು ಬಾಯಿ ಮುಚ್ಚಿದೆ. ಆಮೇಲೆ, "ಬಕೆಟ್ ತುಂಬೋ ಆಟ" ಎಂದಳು.

ನನ್ನ ಬಾಯಿಯೂ ಕುರ್ಚಿ ಹಿಡಿಯುತ್ತದೆ ಎಂದು ಅವತ್ತು ಗೊತ್ತಾಯಿತು.

ಆದ್ದರಿಂದ ಪದ ಇರಲಿ. ಮೊಹರು ಬೀರುವಿನಲ್ಲೇ ಇರಲಿ, ಹುಡುಗನ ತಾಯಿಗೆ ಮಾತು ಕೊಟ್ಟಿದ್ದೇನೆ. ನಿಧಾನವಾಗಿ ಈ ಪದದ ಜಾಗಕ್ಕೆ "ಹೌದಾ" ಎಂಬುದನ್ನು ತರುತ್ತೇನೆ. ಮೈದಾನದಲ್ಲಿ ಅದು ನಡೆಯುತ್ತದೆ. ಇನ್ನು ಉಳಿದದ್ದು ಮೂರನೆಯದು. ಅವಳು ಈತನಕ ಯಾರನ್ನೂ ಅವರ ಬಗ್ಗೆ ಒಂದು ಪ್ರಶ್ನೆ ಕೇಳಿಲ್ಲ. ನಲ್ಲಿಯ ಬಗ್ಗೆ ಕೇಳುತ್ತಾಳೆ, ಮನುಷ್ಯರ ಬಗ್ಗೆ ಕೇಳುವುದಿಲ್ಲ. ಎದುರಿಗಿರುವವರಿಗೂ ಒಂದು ದಿನ ಇರುತ್ತದೆ, ಅವರಿಗೂ ಏನೋ ಆಗಿರುತ್ತದೆ ಎಂಬುದು ಅವಳಿಗೆ ತಾನಾಗಿ ಹೊಳೆಯುವುದಿಲ್ಲ, ಕಲಿಸಬೇಕು.

ಸೋಮವಾರದಿಂದ ಒಳಗೆ ಬನ್ನಿ. ತಾತನಾಗಿ ಅಲ್ಲ, ವಿದ್ಯಾರ್ಥಿಯಾಗಿ. ಪುಟ್ಟ ಕುರ್ಚಿಯ ಮೇಲೆ ಕೂರಬೇಕು, ಕೈಯೆತ್ತದೆ ಮಾತನಾಡುವಂತಿಲ್ಲ. ನನಗೂ ಅನುಕೂಲವೇ, ಸಂಜೆಯ ಹೊತ್ತಿಗೆ ದನಿ ಪೂರ್ತಿ ಕೂತುಹೋಗುತ್ತದೆ, ನಿಮ್ಮೊಡನೆ ವಾದಿಸಲು ಆಗುವುದಿಲ್ಲ.

ಟೀಚರ್


ಮೇ 18

ತಾತನವರಿಗೆ,

ನಿಮ್ಮನ್ನು ಶಾಲೆಯ ಗೇಟಿನ ಬಳಿ ಕಾವಲುಗಾರರ ಸ್ಟೂಲಿನ ಮೇಲೆ ಕೂರಿಸಿ ಒಳಗೆ ಹೋದದ್ದಕ್ಕೆ ಕ್ಷಮಿಸಿ. ಹೊರಗೆ ಬಂದಾಗ ನೀವು ಅವರಿಗೆ ಸಂಬಳ ಹೆಚ್ಚಿಸುವ ಅರ್ಜಿ ಬರೆದುಕೊಡುತ್ತಿದ್ದಿರಿ, ಮಗಳು ನಿಮ್ಮನ್ನು ಕರೆದುಕೊಂಡು ಹೊರಟುಬಿಟ್ಟರು, ಫಲಿತಾಂಶ ಬಿಟ್ಟರೆ ಏನೂ ಹೇಳಲಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

"ಬಾಮ್ಮ, ಕೂತ್ಕೋ. ಮನೇಲಿ ಯಾರ್ಯಾರಿದ್ದೀರಿ?" ಎಂದರು ಮುಖ್ಯೋಪಾಧ್ಯಾಯಿನಿ.

"ಸ್ವೀಕರಿಸಲಾಗಿದೆ" ಎಂದಳು.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನಂದ್ಳು?"

"ಪರಿಶೀಲನೆಯಲ್ಲಿದೆ" ಎಂದಳು ಮಗು.

ನಿಮ್ಮ ಮಗಳು ನನ್ನ ಕೈ ಹಿಡಿದುಕೊಂಡರು. ಬೆರಳು ಈಗಲೂ ನೋಯುತ್ತಿದೆ. ಮುಖ್ಯೋಪಾಧ್ಯಾಯಿನಿ ಪೆನ್ನು ಕೆಳಗಿಟ್ಟರು. "ಆಗ್ಲಿ. ಎರಡು ಕೊಠಡಿ ಕಟ್ಟಿಸಿಕೊಡಿ ಅಂತ ಮೇಲಿನೋರಿಗೆ ಬರೆದು ನಾನೂ ಇದೇ ಉತ್ತರ ಇಟ್ಕೊಂಡು ಕೂತಿದ್ದೀನಿ. ನೀನು ಅವರಷ್ಟು ಕಾಯ್ಸಲ್ಲ ತಾನೇ?" ಎಂದು ಕೈಕಟ್ಟಿ ಕೂತರು. ಕಾದರು ತಾತ. ನಾನು ಕಾಯುವ ಹಾಗೆಯೇ ಕಾದರು.

"ಅಮ್ಮ. ತಾತ. ನಾನು. ಅಪ್ಪ ಭಾನುವಾರ."

"ಅಪ್ಪ ಭಾನುವಾರ ಬರ್ತಾರಾ?"

"ಸ್ವೀಕರಿಸಲಾಗಿದೆ. ಫೋನಲ್ಲಿ ಬರ್ತಾರೆ."

"ತಾತ ಮನೇಲಿ ಏನ್ಮಾಡ್ತಾರೆ?"

"ಮಾತಾಡ್ತಾರೆ."

"ಆಮೇಲೆ?"

"ಆಮೇಲೂ."

ಮುಖ್ಯೋಪಾಧ್ಯಾಯಿನಿ ಎಷ್ಟು ನಕ್ಕರೆಂದರೆ, ಹೊರಗಿನಿಂದ ಒಬ್ಬ ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. ಅಷ್ಟರಲ್ಲಿ ನನಗೆ ಕೇಳಿಸದ ಸದ್ದು ಅವಳಿಗೆ ಕೇಳಿಸಿ, ಎದ್ದು ಮೂಲೆಯ ಬೇಸಿನ್ ಕೆಳಗೆ ನುಸುಳಿದಳು. ಅಲ್ಲೇ ಸುಮಾರು ಹೊತ್ತು ಇದ್ದಳು, ಕರೆದರೂ ಬರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಕೊನೆಗೆ ಒದ್ದೆ ಕೈಯೊಂದಿಗೆ ವಾಪಸ್ಸು ಬಂದು, "ನಲ್ಲಿ ಸೋರ್ತಿದೆ. ಯಾರು ಸರಿ ಮಾಡ್ತಾರೆ?" ಎಂದು ಅವರನ್ನೇ ಕೇಳಿದಳು.

"ಸ್ವೀಕರಿಸಲಾಗಿದೆ" ಎಂದರು ಮುಖ್ಯೋಪಾಧ್ಯಾಯಿನಿ.

"ಪರಿಶೀಲನೆಯಲ್ಲಿದೆಯಾ?"

"ಹೋದ ವರ್ಷದಿಂದ."

ಅರ್ಧ ವರ್ಷದ ಮಟ್ಟಿಗೆ ಸೇರಿಸಿಕೊಂಡು ನೋಡುವುದಾಗಿ ಹೇಳಿದ್ದಾರೆ. ವಾರಕ್ಕೆರಡು ದಿನ ನಾನು ಹೋಗಿ ತರಗತಿಯಲ್ಲಿ ಅವಳ ಹಿಂದೆ ಕೂರುತ್ತೇನೆ. ನೀವು ಅವರಿಗೆ ಮುಂಚೆಯೇ ಗುಟ್ಟಾಗಿ ಅರ್ಜಿ ಕಳಿಸಿದ್ದಿರಂತೆ, ಮೇಜಿನ ಮೇಲಿತ್ತು. "ಓದೋಕೆ ಹೊತ್ತಾಗ್ಲಿಲ್ಲ. ಕೈಬರಹ ಬಹಳ ಚೆನ್ನಾಗಿದೆ" ಎಂದರು. ಇನ್ನು ಮುಂದೆ ಕಳಿಸಬಾರದೆಂಬುದು ಒಂದೇ ಷರತ್ತು.

ಖುಷಿಪಡಿ, ಆದರೆ ಪೂರ್ತಿ ಗೆದ್ದೆವೆಂದುಕೊಳ್ಳಬೇಡಿ. ಅವಳು ಕೇಳಿದ ಪ್ರಶ್ನೆ ನಲ್ಲಿಯದು. ಮೂರನೆಯದು ಇನ್ನೂ ಅರ್ಧವೇ ಆಗಿರುವುದು. ನನ್ನ ಗಂಟಲಿನೊಳಗೆ ಸಣ್ಣದೊಂದು ಗಂಟಿದೆಯಂತೆ; ಜೂನ್ ಮೊದಲ ವಾರ ನೋಡಿ ತೀರ್ಮಾನಿಸುತ್ತೇವೆ ಎಂದು ವೈದ್ಯರು ಹೇಳಿದ್ದಾರೆ. ಅದರ ಬೆನ್ನಿಗೇ ಶಾಲೆ ತೆರೆಯುತ್ತದೆ. ಮೊದಲ ದಿನ ಹೇಗಿತ್ತೆಂದು ಬರೆಯಿರಿ.

ಟೀಚರ್


ದಿನಾಂಕ: ಜೂನ್ 9

ವಿಷಯ: ಒಂದು ಪ್ರಶ್ನೆ.

ಟೀಚರ್ ಅವರೇ,

ನಿನ್ನೆ ಶಾಲೆ ತೆರೆಯಿತು. ಮಗುವನ್ನು ಗೇಟಿನಲ್ಲಿ ಬಿಟ್ಟೆ. ಕಾವಲುಗಾರರು "ಯಜಮಾನ್ರೇ, ಒಳಗೆ ಬಿಡ್ಬೇಡಿ ಅಂತ ಆರ್ಡರ್ ಆಗಿದೆ, ನಿಮ್ ಬಗ್ಗೆನೇ" ಎಂದರು. ಸಂಬಳ ಹೆಚ್ಚಾಯಿತೇ ಎಂದು ಕೇಳಿದೆ. ಪರಿಶೀಲನೆಯಲ್ಲಿದೆಯಂತೆ.

ಮನೆಗೆ ಬಂದೆ. ನಮ್ಮ ಮಹಡಿಯ ಕಿಟಕಿಗೆ ಶಾಲೆಯ ಗೇಟು ಕಾಣುತ್ತದೆ. ದರ್ಜಿಯವರು ಬಂದು, ನಾನು ಮಾತಾಡದೆ ಕೂತಿರುವುದನ್ನು ಕಂಡು, "ಮತ್ತೆ ನೀರಾ?" ಎಂದು ಮೂರು ಹೆಜ್ಜೆ ಹಿಂದೆ ನಿಂತರು. ಇಲ್ಲವೆಂದು ಬಾಯಿ ತೆರೆದು ತೋರಿಸಿದೆ.

ಸಂಜೆ ಮಗು ಬಂದಳು. ಶೂ ಕಳಚಿ ಜೋಡಿಸಿದಳು. ಬಚ್ಚಲಿನ ಕಡೆ ನಡೆದಳು. ಅರ್ಧ ದಾರಿಯಲ್ಲಿ ನಿಂತು, ತಿರುಗಿ ಬಂದು, ನನ್ನ ಕುರ್ಚಿಯ ತೋಳು ಹಿಡಿದುಕೊಂಡು,

"ತಾತ, ನೀನು ಇವತ್ತು ಏನ್ ಮಾಡ್ದೆ?" ಎಂದಳು.

ಊರಿನ ಅರ್ಧ ಜನರ ಪರವಾಗಿ, ಎಲ್ಲ ಅಧಿಕಾರಿಗಳ ಎಲ್ಲ ಪ್ರಶ್ನೆಗಳಿಗೂ ಉತ್ತರ ನಕಲು ಮಾಡಿದವನು ನಾನು. ಇದಕ್ಕೆ ನನ್ನಲ್ಲಿ ಯಾವ ಮಾದರಿಯೂ ಇರಲಿಲ್ಲ. ಬಾಯಿಗೆ ಸಿಕ್ಕಿದ್ದು ಒಂದೇ.

"ಸ್ವೀಕರಿಸಲಾಗಿದೆ" ಎಂದೆ.

ಅವಳು ನಿಂತೇ ಇದ್ದಳು. ಒಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ನನಗೇ ಕೇಳಿಸುತ್ತಿತ್ತೆಂದ ಮೇಲೆ ಅವಳಿಗೆ ಕೇಳಿಸದೆ ಇರಲಿಲ್ಲ. ಆದರೂ ಹೋಗಲಿಲ್ಲ. ಮಗಳು ರಾತ್ರಿ ಪಾಳಿಗೆಂದು ಆಸ್ಪತ್ರೆಗೆ ಹೊರಟವಳು ಬಾಗಿಲಲ್ಲಿ ಒಂದು ಚಪ್ಪಲಿ ಹಾಕಿಕೊಂಡು ಹಾಗೆಯೇ ನಿಂತುಬಿಟ್ಟಳು. ಯಾರೂ ನನ್ನ ಪರವಾಗಿ ಉತ್ತರ ಹೇಳಲಿಲ್ಲ.

"ಪರಿಶೀಲನೆಯಲ್ಲಿದೆ" ಎಂದೆ. ಕಾದಳು.

"ಕಿಟಕಿಯಲ್ಲಿ ಕೂತು ನಿಮ್ಮ ಶಾಲೆ ಗೇಟ್ ನೋಡ್ತಿದ್ದೆ ಕಣಮ್ಮ, ಇಡೀ ದಿನ" ಎಂದೆ.

"ಹೌದಾ" ಎಂದಳು. ಆಮೇಲೆ ನಲ್ಲಿಯ ಕಡೆ ಹೋದಳು.

ಮೂರನೆಯದು ಆಯಿತೆಂದು ಬರೆದುಕೊಳ್ಳಿ.

ಬೆಳಿಗ್ಗೆ ಕೂತು ತಮ್ಮ ಪತ್ರಗಳನ್ನೆಲ್ಲ ಮತ್ತೆ ಓದಿದೆ. ಮೊಹರಿಗೆ ಉತ್ತರ ಬರೆದಿದ್ದೇನೆ, ಮೈದಾನಕ್ಕೆ ಬರೆದಿದ್ದೇನೆ, ಬೆಂಚಿಗೆ ಬರೆದಿದ್ದೇನೆ. ಪ್ರತಿಯೊಂದು ಪತ್ರದಲ್ಲೂ ತಮ್ಮ ಗಂಟಲಿನ ವಿಷಯ ಒಂದು ಸಾಲು ಇದೆ. ಅದಕ್ಕೆ ಈ ಮನೆಯಿಂದ ಸ್ವೀಕೃತಿ ಹೋದದ್ದು ಕಾಣುತ್ತಿಲ್ಲ.

ಸ್ವೀಕರಿಸಲಾಗಿದೆ. ಗಂಟಲು ಈಗ ಹೇಗಿದೆ? ವೈದ್ಯರು ಏನೆಂದರು? ಆಸ್ಪತ್ರೆಗೆ ಜೊತೆಗೆ ಯಾರು ಬಂದಿದ್ದರು?

ಬಾಯಲ್ಲಿ ಹೇಳುವ ಶ್ರಮ ಬೇಡ, ಬರೆಯಿರಿ. ಅವಸರವಿಲ್ಲ. ನಾನು ಕಾಯುತ್ತೇನೆ, ನಡುವೆ ಮಾತಾಡುವುದಿಲ್ಲ.

ತಮ್ಮ,
ಸಾಹೇಬರ ತಾತ

ಅಡಕ: ಉತ್ತರಕ್ಕಾಗಿ ಖಾಲಿ ಹಾಳೆ, ಒಂದು